ಸಸ್ಯಜನ್ಯವೆಲ್ಲವೂ ನಿರಪಾಯವಲ್ಲ

ಗಿಡಮೂಲಿಕೆಯಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೈಸೂರಿನ ಬಯಲುಗಳಲ್ಲಿ ಬೆಳೆಯುವ ಎಕ್ಕ, ದತ್ತೂರಿಗಳು ಶಿವಪೂಜೆಗೆ ಸಲ್ಲುತ್ತವೆ; ಅಷ್ಟಕ್ಕೇ ಅವು ಮೈಗೆ ಹಚ್ಚಲು ತಕ್ಕವಾಗಲಾರವು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಕಾರ್ನಿಯಾ ಹಾನಿಗೊಳ್ಳಬಹುದು. ಕರಿಗೇರಿನ ರಸ ಚರ್ಮದಲ್ಲಿ ಬೊಬ್ಬೆಯೆಬ್ಬಿಸುತ್ತದೆ.

ಐರೋಪ್ಯ ಒಕ್ಕೂಟದ 2009ರ ನಿಯಮಾವಳಿಯು ದತ್ತೂರಿ ಜಾತಿಯ ಗಿಡವೊಂದನ್ನೂ ಜಾಪಾಳದ ಎಣ್ಣೆಯನ್ನೂ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ನಮ್ಮ ದೇಶದ 1945ರ ಔಷಧ ನಿಯಮಗಳ ಇ(1) ಅನುಸೂಚಿಯು ಎಕ್ಕ, ದತ್ತೂರಿ, ಕರಿಗೇರು, ಗುಲಗಂಜಿ, ಕಣಗಿಲೆಗಳನ್ನು ವಿಷದ್ರವ್ಯಗಳ ಸಾಲಿನಲ್ಲಿರಿಸಿದೆ. ಆಯುರ್ವೇದವೂ ಇಂಥವನ್ನು ಶೋಧಿಸಿಯೇ ಬಳಸುತ್ತದೆ.

ಆದುದರಿಂದ ಪದಾರ್ಥಗಳ ಪಟ್ಟಿಯಿಲ್ಲದ ಕೇಶತೈಲ, ಲೇಪಗಳನ್ನು ಭಕ್ತರು ಕೊಳ್ಳಬಾರದು, ಮಕ್ಕಳಿಗಂತೂ ಹಚ್ಚಲೇಬಾರದು. ಕಾಯವನ್ನು ಪ್ರಸಾದವೆಂದು ಭಾವಿಸುವ ನಾವು, ಅದಕ್ಕೆ ಹಚ್ಚುವುದೇನೆಂದು ಕೇಳಿ ತಿಳಿಯುವುದು ಸಂಶಯವಲ್ಲ, ಕರ್ತವ್ಯ.