ಆ ಕೈ ಕಾಣಲಿ ಬಿಡಿ

ಕ್ಯಾಮೆರಾ ಇರೋರಿಗೆಲ್ಲ ಒಂದಲ್ಲ ಒಂದು ದಿನ ಈ ಫೋನ್ ಬರುತ್ತೆ: "ಅಕ್ಕಂಗೆ ಮಗು ಆಯ್ತು ಕಣೋ, ಬಂದು ಫೋಟೋಶೂಟ್ ಮಾಡ್ಕೊಡು." ಹಿಂದೆನೇ ಒಂದು ಸ್ಯಾಂಪಲ್ ಫೋಟೋ. ಹತ್ತು ದಿನದ ಕೂಸು ಮೊಣಕೈ ಊರಿ, ಅಂಗೈ ಮೇಲೆ ಗಲ್ಲ ಇಟ್ಕೊಂಡು, ಕಪ್ಪೆ ಥರ ಕೂತು ನಿದ್ದೆ ಮಾಡ್ತಿದೆ. "ಸೇಮ್ ಹೀಗೇ ಬೇಕು."

ದಯವಿಟ್ಟು ಟ್ರೈ ಮಾಡಬೇಡಿ. ಅದು ಒಂದು ಫೋಟೋನೇ ಅಲ್ಲ, ಎರಡು.

ಅದರ ಹೆಸರು ಫ್ರಾಗ್ ಪೋಸ್. ಕೆಲಸ ಗೊತ್ತಿರೋರು ಒಂದು ಶಾಟ್‌ನಲ್ಲಿ ಮಗುವಿನ ತಲೆಯನ್ನ ಇನ್ನೊಬ್ಬರ ಕೈಲಿ ಹಿಡಿಸ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿಸ್ತಾರೆ. ಆಮೇಲೆ ಫೋಟೋಶಾಪ್‌ನಲ್ಲಿ ಎರಡನ್ನೂ ಸೇರಿಸಿ ಆ ಕೈ ಅಳಿಸ್ತಾರೆ. ಮಗುವಿಗೆ ಕತ್ತು ನಿಲ್ಲೋಕೆ 3–4 ತಿಂಗಳು ಬೇಕು. ಅದಕ್ಕೂ ಮುಂಚೆ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದ್ರೆ ಉಸಿರಿಗೇ ತೊಂದರೆ. ರೀಲ್ಸ್ ನೋಡಿ ಕಲಿಯೋ ವಿದ್ಯೆ ಅಲ್ಲ ಇದು.

ಆದ್ರೆ ನನ್ನ ತಕರಾರು ಅಪಾಯದ ಬಗ್ಗೆ ಮಾತ್ರ ಅಲ್ಲ, ಅಳಿಸಿಹೋದ ಆ ಕೈ ಬಗ್ಗೆ.

ಇದು ಇವತ್ತಿನ ಚಟವೂ ಅಲ್ಲ. 19ನೇ ಶತಮಾನದ ಬ್ರಿಟನ್, ಅಮೆರಿಕದ ಸ್ಟುಡಿಯೋಗಳಲ್ಲಿ ಒಂದು ಫೋಟೋಗೆ ಎಷ್ಟೋ ಸೆಕೆಂಡ್ ಅಲುಗಾಡದೆ ಇರಬೇಕಿತ್ತು. ಮಗು ಸುಮ್ಮನಿರುತ್ತಾ? ಅದಕ್ಕೆ ಅಮ್ಮನೇ ಹಿಡ್ಕೊಂಡು ಕೂರ್ತಿದ್ಲು, ಅವಳ ಮೇಲೆ ಪೂರ್ತಿ ಬಟ್ಟೆ ಹೊದಿಸಿ ಕುರ್ಚಿ ಥರ ಕಾಣೋ ಹಾಗೆ ಮಾಡ್ತಿದ್ರು. ಇವತ್ತು ಅವನ್ನ 'ಹಿಡನ್ ಮದರ್' ಫೋಟೋ ಅಂತಾರೆ. ಆಗ ಬಟ್ಟೆ, ಈಗ ಫೋಟೋಶಾಪ್. ಮಗುವನ್ನ ಹಿಡಿದವರು ಮಾತ್ರ ಎರಡು ಕಾಲದಲ್ಲೂ ಕಾಣಲ್ಲ.

ಹಾಗಂತ ಪ್ರೊಫೆಷನಲ್ಸ್ ಬೇಡ ಅಂತಿಲ್ಲ. ರೂಮ್ ಬೆಚ್ಚಗಿಟ್ಟು, ಮಗು ಅತ್ತಾಗ ಕ್ಯಾಮೆರಾ ಕೆಳಗಿಟ್ಟು, ಹಾಲು ಕುಡಿಯೋವರೆಗೂ ಕಾಯೋರಿಗೆ ಕೊಡೋ ದುಡ್ಡು ದಂಡ ಅಲ್ಲ. ಬುಕ್ ಮಾಡೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿ: "ಈ ಪೋಸಲ್ಲಿ ತಲೆ ಯಾರು ಹಿಡಿದಿರ್ತಾರೆ?" ಉತ್ತರ ತಡವರಿಸಿದ್ರೆ ಎದ್ದು ಬನ್ನಿ.

ನೀವೇ ತೆಗೀತೀರಾ? ಹಾಗಾದ್ರೆ ಬುಟ್ಟಿ, ರೆಕ್ಕೆ, ಕಿರೀಟ ಎಲ್ಲ ಬಿಡಿ. ಕಿಟಕಿ ಪಕ್ಕ ಮಲಗಿಸಿ, ಬೆಳಕು ತಲೆ ಕಡೆಯಿಂದ ಬರಲಿ. ಮೇಲಿಂದ ತೆಗೆಯುವಾಗ ಕ್ಯಾಮೆರಾದ ಸ್ಟ್ರಾಪ್ ನಿಮ್ಮ ಕುತ್ತಿಗೇಲಿ ಇರಲಿ. ಅಜ್ಜಿ ಕಾಲು ಚಾಚಿ ಕೂತು, ಅದರ ಮೇಲೆ ಮಗು ಮಲಗಿಸಿ ನೀರು ಹಾಕ್ತಾರಲ್ಲ, ಅಂಥ ಫ್ರೇಮ್ ಯಾವ ಸ್ಟುಡಿಯೋದಲ್ಲಿ ಸಿಗುತ್ತೆ ಹೇಳಿ? ಅಪ್ಪನ ಬೆರಳು ಹಿಡಿದ ಪುಟ್ಟ ಮುಷ್ಟಿ ತೆಗೀರಿ. ಬಾಣಂತಿ "ನಾನು ಬೇಡ, ಮುಖ ಚೆನ್ನಾಗಿಲ್ಲ" ಅಂದ್ರೆ ಒತ್ತಾಯ ಬೇಡ, "ಕೈ ಮಾತ್ರ ಬರುತ್ತೆ" ಅನ್ನಿ. ಇಪ್ಪತ್ತು ವರ್ಷ ಆದ್ಮೇಲೆ ಆ ಮಗು ಹುಡುಕೋದು ತನ್ನ ಪೋಸನ್ನಲ್ಲ, ತನ್ನನ್ನ ಹಿಡ್ಕೊಂಡಿದ್ದೋರನ್ನ.

ಇವತ್ತು ಮನೆ ಆಲ್ಬಮ್ ತೆಗೀರಿ. ನಿಮ್ಮ ಪುಟ್ಟ ಫೋಟೋದಲ್ಲಿ ಅಂಚಿಗೆ ಯಾರ ಕೈ ಇದೆ? ಬಳೆ ನೋಡಿ ಗುರುತು ಹಿಡೀತೀರಾ? ಕಾಮೆಂಟಲ್ಲಿ ಹೇಳಿ.

#ಕೈಕಾಣಲಿಬಿಡಿ #ಮಗುಫೋಟೋ #ಕನ್ನಡಕ್ಯಾಪ್ಶನ್