ವಿದ್ಯೆಗೂ ವೃತ್ತಿಗೂ ನಡುವಣ ಹಾದಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಶಾಲೆಯ ಅಂಗಳದಲ್ಲಿ ಕಂಡುಬರುವ ಸಂಭ್ರಮವು ಅಧ್ಯಾಪಕರೆಲ್ಲರಿಗೂ ಪರಿಚಿತವಾದುದು. ಉತ್ತೀರ್ಣರಾದವರ ಶೇಕಡಾವಾರು ಅಂಕಿಯನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತಾರೆ. ವಾರ್ಷಿಕ ಸಂಚಿಕೆಯಲ್ಲಿ ಅವರ ಭಾವಚಿತ್ರಗಳು ಅಚ್ಚಾಗುತ್ತವೆ. ಇದೆಲ್ಲವೂ ಯುಕ್ತವೇ ಸರಿ. ಆದರೆ ಭಾವಚಿತ್ರ ಅಚ್ಚಾಗದ ಉಳಿದ ಮಕ್ಕಳು ಐದು ವರ್ಷಗಳ ತರುವಾಯ ಎಲ್ಲಿದ್ದಾರೆ, ಯಾವ ಕಾಯಕದಿಂದ ಜೀವಿಸುತ್ತಿದ್ದಾರೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ಶಾಲೆ ವಿರಳ. ದಾಖಲಾತಿಯ ಪುಸ್ತಕವಿದೆ, ಹಾಜರಿಯ ಪುಸ್ತಕವಿದೆ, ಅಂಕಗಳ ಪುಸ್ತಕವಿದೆ. ಹೊರಗೆ ಹೋದ ವಿದ್ಯಾರ್ಥಿ ಯಾವ ದಡ ಸೇರಿದನೆಂಬುದನ್ನು ತಿಳಿಸುವ ಪುಸ್ತಕ ಮಾತ್ರ ಇಲ್ಲ. ಈ ಒಂದು ಪುಸ್ತಕದ ಅಭಾವದಲ್ಲಿಯೇ ಇಂದಿನ ಶಿಕ್ಷಣದ ದೊಡ್ಡ ನ್ಯೂನತೆಯೊಂದು ಅಡಗಿದೆ.

ತುಮಕೂರು ಸೀಮೆಯ ಜನಕ್ಕೆ ವಿದ್ಯಾದಾನದ ಮಹತ್ತ್ವವನ್ನು ಯಾರೂ ಬೋಧಿಸಬೇಕಾದುದಿಲ್ಲ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಎಣಿಕೆಯಿಲ್ಲದೆ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ಪರಿಯನ್ನು ನಾಡೆಲ್ಲ ಬಲ್ಲುದು. ಅಲ್ಲಿ ಏಕಕಾಲಕ್ಕೆ ಸುಮಾರು ಹತ್ತು ಸಾವಿರ ಮಕ್ಕಳು ಉಚಿತವಾಗಿ ಉಂಡು ಓದಿದ್ದಾರೆ. ಕೇವಲ ಅಕ್ಷರಾಭ್ಯಾಸ ಸಾಲದೆಂಬುದನ್ನು ಮನಗಂಡೇ ಆ ಪೂಜ್ಯರು 1963ರಷ್ಟು ಹಿಂದೆಯೇ ತುಮಕೂರಿನಲ್ಲಿ ತಾಂತ್ರಿಕ ಮಹಾವಿದ್ಯಾಲಯವನ್ನು ತೆರೆದರು. ಆ ಕಾಲದಲ್ಲಿ ಹತ್ತನೆಯ ತರಗತಿ ದಾಟಿದವನಿಗೆ ಉಪಾಧ್ಯಾಯನ ಹುದ್ದೆಯೋ ಗುಮಾಸ್ತನ ಹುದ್ದೆಯೋ ಬಹುಮಟ್ಟಿಗೆ ಕಾದಿರುತ್ತಿತ್ತು. ಇಂದು ಹಾಗಿಲ್ಲ. ಪದವಿಪತ್ರವನ್ನು ಕೈಯಲ್ಲಿ ಹಿಡಿದವನೂ ತಿಂಗಳುಗಟ್ಟಲೆ ಅಲೆಯಬೇಕಾಗಿದೆ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ನೀಡುವ ಯುವನಿಧಿ ಯೋಜನೆಯನ್ನು ರಾಜ್ಯಸರ್ಕಾರವು 2023ರ ಡಿಸೆಂಬರಿನಲ್ಲಿ ಆರಂಭಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಆ ನೆರವೂ ಹೆಚ್ಚೆಂದರೆ ಎರಡು ವರ್ಷಗಳಿಗೆ ಮಿತವಾದುದು. ಅದು ಹಾದಿಯ ಬುತ್ತಿಯೇ ಹೊರತು ಹಾದಿಯಲ್ಲ.

ವ್ಯಾಕರಣವನ್ನು ಓದಿದವರಿಗೆ ಒಂದು ಸಂಗತಿ ತಿಳಿದೇ ಇದೆ. ಕರ್ತೃಪದವಿದ್ದು, ಕರ್ಮಪದವಿದ್ದು, ವಿಶೇಷಣಗಳ ಸಾಲೇ ಇದ್ದರೂ ಕ್ರಿಯಾಪದವಿಲ್ಲದಿದ್ದರೆ ವಾಕ್ಯಾರ್ಥವು ಪೂರ್ಣವಾಗದು. ವೃತ್ತಿಗೆ ಮುಟ್ಟದ ವಿದ್ಯೆಯೂ ಅಂಥ ವಾಕ್ಯವೇ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಬಹುದು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಕಸುಬು ಅವರಿಗೆ ಅಪಮಾನದ ಗುರುತಾಗಿರಲಿಲ್ಲ. ಹೆಸರಿನ ಮುಂದೆ ನಿಂತ ಗೌರವವಾಗಿತ್ತು. ಇದನ್ನು ತರಗತಿಯಲ್ಲಿ ಬೋಧಿಸುವ ಅಧ್ಯಾಪಕರೇ ಐ.ಟಿ.ಐ. ಸೇರಲು ಹೊರಟ ಹುಡುಗನನ್ನು ಕಂಡು 'ಓದು ತಲೆಗೆ ಹತ್ತದವನು' ಎಂದು ಆಡಿದರೆ ಪಾಠಕ್ಕೂ ನಡೆಗೂ ಇರುವ ಅಂತರ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉದ್ಯೋಗವೇ ಈ ಸೀಮೆಗೆ ಬಂದಿಲ್ಲವೆಂದು ಹೇಳುವಂತಿಲ್ಲ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಪ್ರದೇಶದಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ 2014ರಲ್ಲಿ ಆಹಾರ ಸಂಸ್ಕರಣದ ಪಾರ್ಕು ಉದ್ಘಾಟಿತವಾಗಿ ಕೈಗಾರಿಕೆಗಳು ಬೆಳೆದಿವೆ. ಕುಣಿಗಲಿನ ಅಂಚೇಪಾಳ್ಯದಲ್ಲಿಯೂ ಕೈಗಾರಿಕಾ ಪ್ರದೇಶವಿದೆ; 2017ರಿಂದ ಕುಣಿಗಲಿಗೆ ರೈಲೂ ಬಂದಿದೆ. ತೆಂಗು ಅಡಕೆಗಳ ತೋಟದಾಚೆ ಕಾರ್ಖಾನೆಯ ಕಟ್ಟಡ ಕಾಣುತ್ತಿರುವಾಗ, ಅದೇ ಊರಿನ ಹುಡುಗನಿಗೆ ಅದರ ಬಾಗಿಲು ತೆರೆಯದಿರುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಬುದ್ಧಿಯ ಕೊರತೆ ಇದಕ್ಕೆ ಕಾರಣವಲ್ಲ. ಕಾರಣಗಳು ಬಹುಪಾಲು ಸಣ್ಣವು. ಸಣ್ಣವಾಗಿರುವುದರಿಂದಲೇ ದೊಡ್ಡವರ ಕಣ್ಣಿಗೆ ಬೀಳದವು. ಗುಬ್ಬಿಯ ಕಡೆಯ ಹಳ್ಳಿಯೊಂದರಿಂದ ತುಮಕೂರಿಗೆ ದಿನನಿತ್ಯ ಹೋಗಿಬರುವ ಬಸ್ಸಿನ ಖರ್ಚು ಒಂದು. ಪಟ್ಟಣದಲ್ಲಿ ಕೊಠಡಿ ಹಿಡಿಯಬೇಕಾದರೆ ಮುಂಗಡ ಇನ್ನೊಂದು. ಮೊದಲ ಸಂಬಳ ಕೈಸೇರುವವರೆಗೆ ಊಟಕ್ಕೆ ಗತಿಯೇನೆಂಬುದು ಮತ್ತೊಂದು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ತೊಡಕನ್ನು ಸರಿಪಡಿಸಲು ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾದ ತಂದೆಯ ಸಂಕಟ ಬೇರೆ. ಎಲ್ಲಕ್ಕೂ ಮಿಗಿಲಾಗಿ, 'ಈ ಹುಡುಗ ನಂಬಿಗಸ್ತ, ಇವನನ್ನು ನೋಡಿ' ಎಂದು ಹೇಳಬಲ್ಲ ಒಬ್ಬ ಮನುಷ್ಯನ ಅಭಾವ. ಉಳ್ಳವರ ಮಕ್ಕಳಿಗೆ ಈ ಕೆಲಸವನ್ನು ಸೋದರಮಾವಂದಿರೂ ಚಿಕ್ಕಪ್ಪಂದಿರೂ ಮಾಡುತ್ತಾರೆ. ಇಲ್ಲದವರ ಮಕ್ಕಳಿಗೆ ಸೋದರಮಾವನ ಸ್ಥಾನದಲ್ಲಿ ನಿಲ್ಲಬೇಕಾದುದು ಅವರು ಓದಿದ ಶಾಲೆಯೇ.

ಇದು ಹೊಸ ಮಾತೇನಲ್ಲ. ಗುಬ್ಬಿಯ ಮಣ್ಣಿನಲ್ಲಿಯೇ ಇದಕ್ಕೆ ಉಜ್ಜ್ವಲವಾದ ನಿದರ್ಶನವಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಜನ ಮನರಂಜನೆಯ ಕಂಪನಿಯೆಂದಷ್ಟೇ ಬಗೆಯುವುದುಂಟು. ವಸ್ತುತಃ ಅದು ಗುಬ್ಬಿ ವೀರಣ್ಣನವರ ಕಾಲದಲ್ಲಿ ಬಡಮಕ್ಕಳ ಪಾಲಿಗೆ ಅನ್ನವಿಕ್ಕಿ ಕಸುಬು ಕಲಿಸಿದ ಗುರುಕುಲವಾಗಿತ್ತು. ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತುಹೋಗಿದ್ದ ಮುತ್ತುರಾಜನು ತಂದೆಯೊಡನೆ ಅಲ್ಲಿ ಪಳಗಿ ಮುಂದೆ ಡಾ. ರಾಜಕುಮಾರ್ ಆದನು. ಜಿ.ವಿ. ಅಯ್ಯರ್ ಅವರು ಬಾಲ್ಯದಲ್ಲಿಯೇ ಅಲ್ಲಿಗೆ ಸೇರಿದವರು. ಮನೆ ಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಸಾಕಿದುದಷ್ಟೇ ಅಲ್ಲ, ಉನ್ನತ ವ್ಯಾಸಂಗಕ್ಕೆ ಕಾಶಿಗೂ ಕಳುಹಿಸಿಕೊಟ್ಟರು. ಆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು: ಕಲಿಯುವ ಕಾಲದಲ್ಲಿ ಹೊಟ್ಟೆಗೆ ಆಸರೆಯಿತ್ತು, ಕಲಿಕೆಯು ಕೆಲಸದ ನಡುವೆಯೇ ನಡೆಯಿತು, ಪ್ರತಿಭೆ ಕಂಡಾಗ ತನ್ನ ಕಂಪನಿಗೇ ಕಟ್ಟಿಹಾಕದೆ ಇನ್ನೂ ಮೇಲಕ್ಕೆ ಕಳುಹಿಸುವ ಔದಾರ್ಯವಿತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ತರಬೇತಿಯು ಬರಿಯ ಪ್ರಮಾಣಪತ್ರವಾಗಿ ಉಳಿಯುತ್ತದೆ.

ದಾನಿಗಳಿಗೆ ಗುಬ್ಬಿಯೇ ಇನ್ನೊಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ವರ್ತಕರಾಗಿದ್ದ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರಿನಲ್ಲಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ತೆರೆಯಿತು. ಪ್ರವಾಸಿಗಳಿಗೂ ವಿದ್ಯಾರ್ಥಿಗಳಿಗೂ ಅದು ತಲೆಮಾರುಗಳ ಕಾಲ ನೆರಳಾಗಿದೆ. ಅವರ ದಾನದ ಮೊತ್ತಕ್ಕಿಂತ ಅವರು ಆರಿಸಿದ ಸ್ಥಳ ವಿಚಾರಾರ್ಹವಾದುದು. ಪರಊರಿಗೆ ಬಂದಿಳಿದವನಿಗೆ ಮೊದಲ ರಾತ್ರಿ ತಲೆಯಿಡಲು ಎಡೆ ಬೇಕೆಂಬುದನ್ನು ಅರಿತು, ಕಷ್ಟ ಎಲ್ಲಿ ಎದುರಾಗುವುದೋ ಅಲ್ಲಿಯೇ ಅವರು ಛತ್ರವನ್ನು ನಿಲ್ಲಿಸಿದರು. ಇಂದಿನ ದಾನಿಗಳು ಸಭಾಭವನ, ಮಹಾದ್ವಾರ, ಶಿಲಾಫಲಕಗಳಿಗೆ ಧಾರಾಳವಾಗಿ ಕೊಡುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಹುಡುಗನ ಮೊದಲ ಎರಡು ತಿಂಗಳ ಊಟಕ್ಕೂ ಕೊಠಡಿಗೂ ಒಂದು ನಿಧಿಯನ್ನು ಇಡುವವರು ಎಷ್ಟು ಮಂದಿ? ಆ ನಿಧಿಗೆ ಫಲಕ ಹಾಕಲು ಗೋಡೆಯಿಲ್ಲವೆಂಬುದು ನಿಜ. ಸಂಬಳ ಬಂದ ಮೇಲೆ ಹುಡುಗನು ಆ ಹಣವನ್ನು ಹಿಂದಿರುಗಿಸಿದರೆ ಅದೇ ಹಣ ಮತ್ತೊಬ್ಬನಿಗೆ ಸಲ್ಲುವುದು. ಕಟ್ಟಡದಂತೆ ಅದು ಶಿಥಿಲವಾಗದು.

ಒಂದು ಎಚ್ಚರಿಕೆಯನ್ನೂ ಮರೆಯಲಾಗದು. 1970ರ ದಶಕದ ಕೊನೆಯಲ್ಲಿ ತುಮಕೂರಿಗೆ ಬಂದ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಎಷ್ಟೋ ಸಾಮಾನ್ಯ ಮನೆಗಳಿಗೆ ದೀಪ ಹಚ್ಚಿತು. ಕಾರ್ಖಾನೆಯಲ್ಲಿ ಕೆಲಸವೆಂದರೆ ಹೆಣ್ಣು ಕೊಡಲು ಮುಂದಾಗುವಷ್ಟು ಗೌರವ ಅದಕ್ಕಿತ್ತು. ಕೀಲಿ ಕೊಡುವ ಗಡಿಯಾರದ ಕಾಲ ಕಳೆದು ಕ್ವಾರ್ಟ್ಜ್ ಗಡಿಯಾರದ ಕಾಲ ಬಂದಿತು, ಸಂಸ್ಥೆ ಸೊರಗಿತು, 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸಚಿವ ಸಂಪುಟ ಕೈಗೊಂಡಿತು. ಇದರಿಂದ ತಿಳಿಯಬೇಕಾದುದೇನೆಂದರೆ, ಒಂದು ಯಂತ್ರವನ್ನು ಮಾತ್ರ ಕಲಿಸಿದರೆ ಯಂತ್ರದೊಡನೆ ಮನುಷ್ಯನೂ ಹಳಬನಾಗುತ್ತಾನೆ. ಲೆಕ್ಕ, ನಕ್ಷೆಯನ್ನು ಓದುವ ಶಕ್ತಿ, ಹೊಸತನ್ನು ಕಲಿಯುವ ಅಭ್ಯಾಸ ಇವು ಕೈಕೆಲಸದ ಜೊತೆಗೆ ಇದ್ದವನು ಮಾತ್ರ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಲ್ಲನು. ಆದುದರಿಂದ ವೃತ್ತಿಶಿಕ್ಷಣದ ಹೆಸರಿನಲ್ಲಿ ಸಾಮಾನ್ಯ ವಿದ್ಯೆಯನ್ನು ಕಡೆಗಣಿಸುವುದು ಸರಿಯಲ್ಲ.

ಕೆಲವರು ಆಕ್ಷೇಪವೆತ್ತುವರು: ಬಡವರ ಮಕ್ಕಳನ್ನು ಕಸುಬಿಗೂ ಸಿರಿವಂತರ ಮಕ್ಕಳನ್ನು ಇಂಜಿನಿಯರಿಂಗಿಗೂ ಅಟ್ಟಿದರೆ ಹಳೆಯ ಮೇಲುಕೀಳುಗಳೇ ಹೊಸ ವೇಷದಲ್ಲಿ ಉಳಿಯುವುದಿಲ್ಲವೇ ಎಂದು. ಆಕ್ಷೇಪ ನ್ಯಾಯವಾದುದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವಿದೆಯೆಂಬುದನ್ನು ಮಕ್ಕಳಿಗೆ ತಿಳಿಸುವವರು ಎಷ್ಟು ಮಂದಿ? ದಾರಿ ಮೇಲಕ್ಕೂ ಹೋಗುತ್ತದೆಂದು ತಿಳಿದು ಆರಿಸಿಕೊಳ್ಳುವುದು ಬೇರೆ, ದಾರಿ ಅಲ್ಲಿಗೇ ಮುಗಿಯಿತೆಂದು ತಿಳಿದು ಒಪ್ಪಿಕೊಳ್ಳುವುದು ಬೇರೆ. ಆಯ್ಕೆ ಮಗುವಿನದಾಗಿರಲಿ, ಆಯ್ಕೆಗೆ ಬೇಕಾದ ತಿಳಿವಳಿಕೆ ಶಾಲೆಯದಾಗಿರಲಿ.

ತರುಣರಷ್ಟೇ ಅಲ್ಲದೆ ಅವರ ತಂದೆತಾಯಿಗಳ ವಿಷಯವೂ ಇದೆ. ಊದಿನಕಡ್ಡಿ ಹೊಸೆಯುವ ತಾಯಿ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು, ತೋಟದ ಕೂಲಿಯಲ್ಲಿ ನಡುವಯಸ್ಸು ತಲುಪಿದ ಗಂಡಸು ಇವರಿಗೆ ಆರು ತಿಂಗಳ ತರಬೇತಿಯೆಂದರೆ ಆರು ತಿಂಗಳ ಉಪವಾಸ. ದಿನದ ಕೂಲಿಯನ್ನು ಬಿಟ್ಟು ಕಲಿಯಲು ಬನ್ನಿರೆಂದು ಕರೆಯುವುದು ಉಳ್ಳವರ ಮಾತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಈ ಗಂಟನ್ನು ಬಿಡಿಸಿತು: ಅಲ್ಪಾವಧಿಯ ತರಬೇತಿ, ಉಚಿತ ಊಟ ವಸತಿ, ತರುವಾಯ ಬ್ಯಾಂಕಿನ ಸಾಲಕ್ಕೆ ನೆರವು. ಅದೇ ಮಾದರಿ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಹಬ್ಬಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮುಂತಾದ 18 ಕಸುಬುಗಳವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿಯ ಭತ್ಯೆಯೂ ಸಲಕರಣೆಗೆ 15,000 ರೂಪಾಯಿಯ ನೆರವೂ ಗೊತ್ತುಪಡಿಸಲ್ಪಟ್ಟಿತು. ಇಂಥವು ಇರುವುದನ್ನು ತಿಳಿಸಿ, ಅರ್ಜಿ ತುಂಬಿಸಿಕೊಡುವ ಒಂದು ಮೇಜು ಶಾಲೆಯಲ್ಲಿ ಇರಬಾರದೇಕೆ? ಸಂಜೆ ಐದರ ಮೇಲೆ ಶಾಲೆಯ ಕೊಠಡಿಗಳೆಲ್ಲ ಬೀಗ ಹಾಕಿಕೊಂಡಿರುತ್ತವೆ. ದುಡಿಯುವವರಿಗೆ ಬಿಡುವಾಗುವುದೂ ಅದೇ ಹೊತ್ತಿಗೆ.

ಭಾಷೆಯ ಮಾತನ್ನೂ ಆಡಬೇಕಾಗಿದೆ. ಕನ್ನಡಿಗರಿಗೆ ಉದ್ಯೋಗವೆಂಬ ಬೇಡಿಕೆಯನ್ನು ಡಾ. ಸರೋಜಿನಿ ಮಹಿಷಿಯವರ ಸಮಿತಿಯು 1986ರ ವರದಿಯಲ್ಲಿ ವಿಶದವಾಗಿ ಮಂಡಿಸಿತು. 2024ರ ಜುಲೈನಲ್ಲಿ ಸ್ಥಳೀಯರ ಮೀಸಲಾತಿಯ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಬೇಡಿಕೆ ಧರ್ಮಸಮ್ಮತವಾದುದೇ. ಆದರೆ ಬಾಗಿಲು ತೆರೆದ ದಿನ ಒಳಹೋಗಲು ಸಿದ್ಧರಾದವರು ಇಲ್ಲದಿದ್ದರೆ ಮೀಸಲಾತಿಯೂ ಕಾಗದದ ಮೇಲೆಯೇ ಉಳಿಯುತ್ತದೆ. ಕನ್ನಡದ ಪಂಡಿತರು ಇಂಗ್ಲಿಷನ್ನು ಹಗೆಯೆಂದು ಭಾವಿಸಬೇಕಾದುದಿಲ್ಲ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಿ, ನಾಲ್ಕು ಸಾಲಿನ ಅರ್ಜಿಯನ್ನು ತಪ್ಪಿಲ್ಲದೆ ಬರೆದು, ಕರಾರುಪತ್ರವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಮಗುವಿಗೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷನ್ನು ಕಲಿಸುವುದು ಸುಲಭ. ಪ್ರಬಂಧದ ಗಂಟೆಯಲ್ಲಿ ವಸಂತ ಋತುವಿನ ವರ್ಣನೆಯ ಜೊತೆಗೆ ಒಂದು ನೇಮಕಾತಿ ಪತ್ರವನ್ನೂ ಓದಿಸಿದರೆ ಸಾಹಿತ್ಯಕ್ಕೆ ಕುಂದುಂಟಾಗದು.

ಇನ್ನು ಮಾಡಬೇಕಾದುದು ದೊಡ್ಡ ಯೋಜನೆಯಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಮತ್ತು ಅದರ ನಿಯಮಗಳ ಮೇರೆಗೆ ಮೂವತ್ತು ಅಥವಾ ಅದಕ್ಕೂ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ಕ್ಕೆ ಕಡಿಮೆಯಿಲ್ಲದಷ್ಟು ಅಪ್ರೆಂಟಿಸರನ್ನು ಭತ್ಯೆಯೊಡನೆ ತೆಗೆದುಕೊಳ್ಳತಕ್ಕದ್ದು. ವಸಂತನರಸಾಪುರದಲ್ಲೋ ಅಂಚೇಪಾಳ್ಯದಲ್ಲೋ ಅಧಿಕಾರದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಶಾಲೆಗೆ ಒಂದು ಕಾಗದ ಬರೆದು, ಇಂತಿಷ್ಟು ಸ್ಥಾನ ಖಾಲಿಯಿದೆ, ಇಂಥ ಮಕ್ಕಳನ್ನು ಕಳುಹಿಸಿರಿ ಎಂದರೆ ಸಾಕು. ವರ್ಷಕ್ಕೆ ಒಬ್ಬನನ್ನು ಕೈಹಿಡಿದು ದಾಟಿಸುವ ನೂರು ಮಂದಿ ಹಳೆಯ ವಿದ್ಯಾರ್ಥಿಗಳಿದ್ದರೆ ವರ್ಷಕ್ಕೆ ನೂರು ಮನೆಗಳು ಎತ್ತರಿಸುವುವು. ಕೈಹಿಡಿಯುವುದೆಂದರೆ ಅನರ್ಹನಿಗೆ ಶಿಫಾರಸು ಮಾಡುವುದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದಳೆಂಬ ಕಥೆ ಇಲ್ಲಿಯೂ ಸಲ್ಲುತ್ತದೆ: ಸಲ್ಲಬೇಕಾದುದು ಸಲ್ಲಲಿ, ಸಲ್ಲದುದು ಬೇಡ.

ಅಧ್ಯಾಪಕರಿಂದ ಆಗಬೇಕಾದ ಮೊದಲ ಕೆಲಸ ಆ ಇಲ್ಲದ ಪುಸ್ತಕವನ್ನು ತೆರೆಯುವುದು. ಗೆರೆ ಹಾಕಿದ ಸಾಮಾನ್ಯವಾದ ಒಂದು ದಫ್ತರ ಸಾಕು. ಶಾಲೆ ಬಿಟ್ಟ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನೆದುರು ಐದು ವರ್ಷಗಳ ಕಾಲ, ವರ್ಷಕ್ಕೊಮ್ಮೆ, ಆತನೋ ಆಕೆಯೋ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಏನು ತೊಡಕಾಗಿದೆ ಎಂದು ಬರೆದಿಡಲಿ. ಖಾಲಿ ಉಳಿದ ಸಾಲುಗಳನ್ನು ಕಂಡಾಗ ಯಾರ ಮನೆಗೆ ಹೋಗಬೇಕೆಂಬುದು ತಾನಾಗಿಯೇ ತಿಳಿಯುವುದು. ಮುಂದಿನ ಸಂಚಿಕೆಯಲ್ಲಿ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳ ಪಕ್ಕದ ಪುಟದಲ್ಲಿ ಆ ದಫ್ತರದ ಸಾರಾಂಶವೂ ಅಚ್ಚಾಗಲಿ. ಅದು ಮೊದಲ ವರ್ಷ ಶಾಲೆಗೆ ಮುಜುಗರವನ್ನು ತಂದೀತು. ಆ ಮುಜುಗರವನ್ನು ತಾಳಿಕೊಳ್ಳುವ ಶಾಲೆಯೇ ಬಡವರ ಶಾಲೆಯೆಂಬ ಹೆಸರಿಗೆ ತಕ್ಕುದಾಗುವುದು.