ಕೆಲಸದ ಮೇಜೊಂದು ಬೇಕು

ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಹಳೆ ವಿದ್ಯಾರ್ಥಿ ಮಿತ್ರರೊಬ್ಬರು ಆಡಿದ ಮಾತು ಇನ್ನೂ ನನ್ನನ್ನು ಕಾಡುತ್ತಿದೆ. “ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಸಾಹಿತ್ಯ ಒಲಿದೀತು, ಯಂತ್ರವಿದ್ಯೆ ಎಟುಕದು. ಮೊಮ್ಮಗನನ್ನು ಅದಕ್ಕೇ ಇಲ್ಲಿಗೆ ಸೇರಿಸಲಿಲ್ಲ” ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕಾಸರಗೋಡಿನ ಈ ನೆಲದಲ್ಲಿ ಒಂದು ಕನ್ನಡ ತರಗತಿಯ ಅಳಿವು ಉಳಿವು ಇಂತಹ ಹತ್ತಾರು ಮನೆಗಳ ತೀರ್ಮಾನವನ್ನು ಅವಲಂಬಿಸಿದೆ. ಅವರ ಮಾತನ್ನು ನಾನು ಒಪ್ಪಲಾರೆ. ನನ್ನ ಕಡೆಯ ಸಾಕ್ಷಿ ಒಂದು ಮರದ ಪೆಟ್ಟಿಗೆ.

ನನ್ನ ಮಗಳು ಗಿಟಾರ್ ನುಡಿಸುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳಿಗಾಗಿ ವಾಲ್ವು ಆಂಪ್ಲಿಫೈಯರ್ ಒಂದನ್ನು ಕೈಯಾರೆ ಕಟ್ಟಿದೆ. ಈ ಕಾಲದಲ್ಲಿ ಗಾಜಿನ ಬುರುಡೆಗಳೇಕೆ ಎಂದು ಕೇಳುವವರಿದ್ದಾರೆ. ವಾಲ್ವನ್ನು ಮಿತಿಮೀರಿ ದುಡಿಸಿದಾಗ ನಾದವು ಥಟ್ಟನೆ ಒಡೆಯದೆ ಮೆಲ್ಲಮೆಲ್ಲನೆ ಒರಟಾಗುತ್ತದೆ. ಅನೇಕ ಗಿಟಾರ್ ವಾದಕರಿಗೆ ಬೇಕಾದುದೇ ಆ ಒರಟುತನ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1950ರ ದಶಕದಲ್ಲಿ ತಯಾರಿಸಿದ ‘ಚಾಂಪ್’ ಎಂಬ ಪುಟ್ಟ ಆಂಪ್ಲಿಫೈಯರಿನ ನಕ್ಷೆಯೇ ನನಗೆ ಆಧಾರ. ಆತನೂ ಮೊದಲು ರೇಡಿಯೋ ದುರಸ್ತಿಯ ಅಂಗಡಿ ಇಟ್ಟವನು. ಗಿಟಾರ್ ನುಡಿಸಲು ಮಾತ್ರ ಬರುತ್ತಿರಲಿಲ್ಲ! ಅವನು ಬಳಸಿದ ವಾಲ್ವುಗಳು ನನಗೆಲ್ಲಿ ಸಿಗಬೇಕು? ಹಳೆಯ ರೇಡಿಯೋ ಅಂಗಡಿಯೊಂದರ ಅಟ್ಟದಲ್ಲಿ ಬೆಂಗಳೂರಿನ ಬಿ.ಇ.ಎಲ್. ಮುದ್ರೆಯ ಒಂದು ಇಸಿಸಿ83, ಒಂದು ಇಎಲ್84 ದೊರೆತವು. ನಕ್ಷೆಯನ್ನು ಅವಕ್ಕೆ ಹೊಂದಿಸಿಕೊಂಡೆ.

ಹೊಂದಿಸಿದ್ದು ಯಾವ ವಿದ್ಯೆಯಿಂದ? ಈ ಶಾಲೆಯ ಕರಿಹಲಗೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಬರೆದ ಓಮ್‌ನ ನಿಯಮದಿಂದ. ಇಎಲ್84ರ ಕ್ಯಾಥೋಡಿಗೆ 150 ಓಮ್ ರೋಧಕ ಹಾಕಿದ್ದೆ. ಅದರ ತುದಿಗಳ ನಡುವಣ ವಿಭವಾಂತರ 7.5 ವೋಲ್ಟ್ ಬಂತು. ಭಾಗಿಸಿದರೆ ಪ್ರವಾಹ 50 ಮಿಲಿಆಂಪಿಯರ್. 250 ವೋಲ್ಟಿನಲ್ಲಿ ಆ ವಾಲ್ವು ತಾಳಬಲ್ಲ 12 ವಾಟ್‌ಗಳ ಒಳಗೇ ಇದೆ. ವಿಭವಾಂತರ, ಪ್ರವಾಹ, ರೋಧ ಎಂದೇ ಮನಸ್ಸು ಲೆಕ್ಕ ಹಾಕಿತು. ವಾಲ್ವೇನೂ ಇಂಗ್ಲಿಷಿನಲ್ಲಿ ಕೇಳೆಂದು ಹಟ ಹಿಡಿಯಲಿಲ್ಲ.

ಮೊದಲ ಸಲ ವಿದ್ಯುತ್ ಹರಿಸುವಾಗ ರೇಡಿಯೋ ರಿಪೇರಿಯವರ ಹಳೆಯ ಉಪಾಯದಂತೆ 60 ವಾಟಿನ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿದ್ದೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಬಲ್ಬು ಮಂದವಾಗಿಯೇ ಇತ್ತು. ಅದನ್ನು ತೆಗೆದು ನೇರ ಜೋಡಿಸಿದೆನೋ ಇಲ್ಲವೋ, ಪೆಟ್ಟಿಗೆ ಊಳಿಡತೊಡಗಿತು. ಮಗಳು ಕಿವಿ ಮುಚ್ಚಿಕೊಂಡಳು. ಸ್ಪೀಕರಿನಿಂದ ಮೊದಲ ವಾಲ್ವಿಗೆ ಹಿಂದಿರುಗುವ ಅಂಶವು ಸದ್ದನ್ನು ಅಂಕೆಯಲ್ಲಿಡುವ ಬದಲು ಬೆಳೆಸುತ್ತಿತ್ತು. ಕಾರಣ ತಿಳಿಯಲು ಎರಡು ಸಂಜೆ ಹಿಡಿಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ, ಊಳು ನಿಂತಿತು. ಆ ಎರಡು ಸಂಜೆಗಳಲ್ಲಿ ಕಲಿತಷ್ಟನ್ನು ಯಾವ ಪರೀಕ್ಷೆಗೂ ನಾನು ಕಲಿತದ್ದಿಲ್ಲ.

ಆಮೇಲೆ ಪಳಗಿಸುವ ಕೆಲಸ. ಎಂಟು ಇಂಚಿನ ಹೊಸ ಸ್ಪೀಕರ್ ಮೊದಮೊದಲು ಬಿಗಿಯಾಗಿ, ಕರ್ಕಶವಾಗಿ ನುಡಿಯಿತು. ಕೆಲವು ವಾರ ನುಡಿಸಿದ ಮೇಲೆ ಹದಕ್ಕೆ ಬಂತು. ಕಾಗದದ ಅಂಚು ಸಡಿಲಗೊಂಡದ್ದು ಎಷ್ಟು, ನಮ್ಮ ಕಿವಿ ಒಗ್ಗಿಕೊಂಡದ್ದು ಎಷ್ಟು ಎಂಬ ಬಗ್ಗೆ ಮಗಳಿಗೂ ನನಗೂ ಇನ್ನೂ ವಾದವಿದೆ.

ಮಹೋತ್ಸವದ ನಿಧಿಯಿಂದ ಕಂಪ್ಯೂಟರು, ಪರದೆಗಳನ್ನು ಕೊಳ್ಳಬೇಕೆಂಬ ಸಲಹೆ ಬಂದಿದೆ. ಬರಲಿ. ಜೊತೆಗೆ ಒಂದು ಗಟ್ಟಿಮುಟ್ಟಾದ ಕೆಲಸದ ಮೇಜು, ನಾಲ್ಕು ಬೆಸುಗೆ ಕಡ್ಡಿ, ಎರಡು ಮೀಟರುಗಳೂ ಬರಬೇಕೆಂಬುದು ನನ್ನ ಆಗ್ರಹ. ಮಕ್ಕಳ ಕೈಗೆ ವಾಲ್ವು ಕೊಡಿ ಎಂದು ನಾನು ಹೇಳುತ್ತಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಉಳಿಯುವ 250 ವೋಲ್ಟ್ ಪ್ರಾಣಕ್ಕೆ ಎರವಾದೀತು. ಒಂಬತ್ತು ವೋಲ್ಟಿನ ಬ್ಯಾಟರಿಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸಾಕು. ಅದೂ ತಂತಿ ತಪ್ಪಿದರೆ ಊಳಿಡುತ್ತದೆ, ಹುಡುಕಲು ಹಚ್ಚುತ್ತದೆ. ಕಲಿಸುವವರು ಯಾರು ಎಂಬ ಪ್ರಶ್ನೆ ಬಂದೀತು. ಶನಿವಾರಗಳಂದು ನಾನು ಬರುತ್ತೇನೆ. ನಿವೃತ್ತರಾದ ಇನ್ನೂ ಕೆಲವರು ನಮ್ಮಲ್ಲಿದ್ದಾರೆ, ಕರೆದರೆ ಬಂದಾರು.

ಮಹೋತ್ಸವದ ವಸ್ತುಪ್ರದರ್ಶನದಲ್ಲಿ ನನ್ನ ಪೆಟ್ಟಿಗೆಯನ್ನು ಇಡುತ್ತೇನೆ. ಭಾಗಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ. ಸಂಜೆ ಮಗಳು ಅದರಲ್ಲಿ ಗಿಟಾರ್ ನುಡಿಸುತ್ತಾಳೆ. ಮಿತ್ರರು ಮೊಮ್ಮಗನನ್ನೂ ಕರೆದುಕೊಂಡು ಬರಬೇಕೆಂದು ವಿನಂತಿ.